ಮೊದಲ ಬಸ್ಸಿನ ಉಸಿರು

ಡಿಪೋದಲ್ಲಿ ಅವನನ್ನು ಹುಟ್ಟಿದಾಗ ಇಟ್ಟ ಹೆಸರಿನಿಂದ ಕರೆಯುವವರು ಯಾರೂ ಉಳಿದಿರಲಿಲ್ಲ. ಬೆಳಗಾದರೆ ಗೇಟಿನ ಪಕ್ಕದ ಗೂಡಿನಂಥ ಕೋಣೆಯಲ್ಲಿ ಕೂತು, ಬಂದ ಬಂದ ಡ್ರೈವರುಗಳ ಮುಂದೆ ಅಂಗೈಯಗಲದ ಮೆಷಿನ್ ಹಿಡಿದು "ಊದಣ್ಣ" ಅನ್ನುವುದು ಅವನ ಕೆಲಸ. ವರ್ಷಗಟ್ಟಲೆ ಹಾಗೆ ಅಂದೂ ಅಂದೂ ಕೊನೆಗೆ ಅವನೇ ಊದಣ್ಣನಾಗಿಬಿಟ್ಟ. ಮೆಷಿನ್ನಿನ ಬಾಯಿಗೆ ಹೊಸ ಕೊಳವೆ ಸಿಕ್ಕಿಸಬೇಕು, ಡ್ರೈವರ್ ಊದಬೇಕು, ಹಸಿರು ದೀಪ ಹತ್ತಿದರೆ ಗೋಡೆಯ ಮೊಳೆಯಿಂದ ಬಸ್ಸಿನ ಕೀ ತೆಗೆದುಕೊಡಬೇಕು. ಕೆಂಪು ದೀಪ ಹತ್ತಿ ಮೆಷಿನ್ ಕೀಂ ಅಂತ ಕೂಗಿಕೊಂಡರೆ ಕೀ ಮೊಳೆಯಲ್ಲೇ ಇರಬೇಕು, ಡ್ರೈವರ್ ಮನೆಗೆ ಹೋಗಬೇಕು. ಇಷ್ಟೇ. ಇಷ್ಟಕ್ಕೂ ಸಂಬಳ ಕೊಡ್ತಾರೇನೋ ಅಂತ ಅವನ ಭಾವ ಆಗಾಗ ರೇಗಿಸುವುದಿತ್ತು.

ಇನ್ನೊಂದು ನಿಯಮವೂ ಇತ್ತು. ದಿನದ ಮೊದಲ ಡ್ರೈವರ್ ಊದುವ ಮುಂಚೆ, ಮೆಷಿನ್ ಸರಿಯಾಗಿದೆಯೇ ಎಂದು ಊದಣ್ಣ ತಾನೇ ಒಂದು ಸಲ ಊದಿ ನೋಡಬೇಕು. ಕುಡಿಯದವನ ಉಸಿರಿಗೆ ಹಸಿರು ಬಂದರೆ ಮೆಷಿನ್ ನೆಟ್ಟಗಿದೆ ಅಂತ ಅರ್ಥ. ಊದಣ್ಣ ಹೆಂಡದ ಮುಚ್ಚಳವನ್ನೂ ಮೂಸಿದವನಲ್ಲ. ಆ ಕುರ್ಚಿಯಲ್ಲಿ ಅವನನ್ನು ಕೂರಿಸಿದ್ದೇ ಅದಕ್ಕೆ.

ದಿನದ ಮೊದಲ ಡ್ರೈವರ್ ಅವನ ಭಾವ.

ಭಾವನ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಅಪ್ಪ ಅಮ್ಮ ಇಬ್ಬರೂ ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಊದಣ್ಣ ಇನ್ನೂ ಚಡ್ಡಿ ಹಾಕುವ ಹುಡುಗ, ಅಕ್ಕನಿಗೆ ಆಗತಾನೇ ಮದುವೆಯಾಗಿತ್ತು. ಹೊಸ ಹೆಂಡತಿಯ ಜೊತೆಗೆ ಅವಳ ತಮ್ಮನನ್ನೂ ಮನೆಗೆ ಕರೆತಂದು, "ಒಂದು ತಗೊಂಡ್ರೆ ಇನ್ನೊಂದು ಫ್ರೀ ಅಂದ್ರು, ತಂದುಬಿಟ್ಟೆ" ಎಂದು ನೆಂಟರ ಮುಂದೆ ನಗಾಡಿದ ಮಹಾನುಭಾವ ಆತ. ಹುಡುಗನಿಗೆ ಸೈಕಲ್ ಕಲಿಸಿದ್ದು ಭಾವ. ಸೀಟಿನ ಹಿಂದೆ ಕೈಯಿಟ್ಟುಕೊಂಡು ಬೀದಿಯುದ್ದಕ್ಕೂ ಏದುಸಿರು ಬಿಡುತ್ತ ಓಡಿಬಂದು, ಯಾವಾಗ ಕೈಬಿಟ್ಟ ಅನ್ನುವುದೇ ಗೊತ್ತಾಗದ ಹಾಗೆ ಬಿಟ್ಟಿದ್ದ. ಓದು ತಲೆಗೆ ಹತ್ತದಿದ್ದಾಗ ಬೈಯದೆ ಡಿಪೋದಲ್ಲಿ ಕೆಲಸ ಕೊಡಿಸಿದ್ದೂ ಅವನೇ. ಊದಣ್ಣ ಈಗ ಪಕ್ಕದ ಬೀದಿಯಲ್ಲಿ ಒಂದು ಕೋಣೆ ಮಾಡಿಕೊಂಡು ಒಂಟಿಯಾಗಿದ್ದರೂ, ಮಧ್ಯಾಹ್ನದ ಡಬ್ಬಿ ಅಕ್ಕನದು, ರಾತ್ರಿಯ ಊಟ ಅಕ್ಕನ ಮನೆಯಲ್ಲಿ. ಭಾವ ಅಂದರೆ ಅವನಿಗೆ ಜೀವ.

ಇಂಥ ಭಾವ ಕುಡಿಯುತ್ತಿದ್ದ. ಮೊದಮೊದಲು ಖುಷಿಗೆ, ಆಮೇಲೆ ಆಯಾಸಕ್ಕೆ, ಕೊನೆಗೆ ಯಾವುದಕ್ಕೂ ಅಲ್ಲ, ಸುಮ್ಮನೆ. ಕುಡಿದು ಕೈ ಮಾಡುವ ಜಾತಿಯವನಲ್ಲ. ಒಳಗೆ ಹೋದಷ್ಟೂ ಅವನಿಗೆ ಲೋಕದ ಮೇಲೆ ಪ್ರೀತಿ ಉಕ್ಕುತ್ತಿತ್ತು. ಅಕ್ಕಪಕ್ಕದವರ ಬಾಗಿಲು ತಟ್ಟಿ ಯೋಗಕ್ಷೇಮ ವಿಚಾರಿಸುತ್ತಿದ್ದ, ಅವರು ಮಲಗಿದ ಮೇಲೆ. ಮದುವೆಮನೆಗಳಲ್ಲಿ ಹಾಡುತ್ತಿದ್ದ, ಯಾರೂ ಕೇಳಿಕೊಳ್ಳದಿದ್ದರೂ. ಮೊದಲು ಎಲ್ಲರೂ ನಕ್ಕರು. ಆಮೇಲೆ ಕರೆಯುವುದನ್ನು ಬಿಟ್ಟರು. ಕರೆದವರಿಗೂ ಅಕ್ಕ "ಅವರಿಗೆ ಡ್ಯೂಟಿ ಇದೆ" ಎಂದು ಹೇಳಿ ತಾನೂ ಮನೆಯಲ್ಲೇ ಉಳಿಯುವುದನ್ನು ಕಲಿತಳು. ಮಗಳು ಗೆಳತಿಯರನ್ನು ಗೇಟಿನಿಂದಲೇ ಕಳಿಸುತ್ತಿದ್ದಳು. ಕುಡುಕನ ಮನೆಯ ಬಾಗಿಲು ಹೀಗೆ ಯಾರೂ ಮುಚ್ಚದೆಯೇ ಮುಚ್ಚಿಕೊಳ್ಳುತ್ತ ಬರುತ್ತದೆ, ಒಳಗಿರುವವರಿಗೆ ಅದು ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ.

ಬೆಳಗಿನ ಹೊತ್ತು ಭಾವನ ಕೈ ನಡುಗುತ್ತಿತ್ತು. ಲೋಟ ಎತ್ತಿದರೆ ಕಾಫಿಯೆಲ್ಲ ಅಂಗಿಯ ಮೇಲೆ. ಹಾಗಾಗಿ ಲೋಟವನ್ನು ಮೇಜಿನ ಮೇಲೇ ಬಿಟ್ಟು, ತಾನೇ ಬಗ್ಗಿ ಬಾಯಿಟ್ಟು ಹೀರುತ್ತಿದ್ದ. ಅಪ್ಪಂದಿರೆಲ್ಲ ಕಾಫಿ ಕುಡಿಯುವುದೇ ಹೀಗೆ ಅಂತ ಮಗಳು ಚಿಕ್ಕವಳಿದ್ದಾಗ ತಿಳಿದುಕೊಂಡಿದ್ದಳು. ಸಂಜೆಗೆ ಕಾಲು ಊದಿ ಬೂಟು ಬಿಗಿಯಾಗುತ್ತಿತ್ತು, ತಿಂದದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಲಿವರ್ ಕೈಕೊಡುತ್ತಿದೆ ಅಂತ ಡಾಕ್ಟರು ಹೇಳಿದ ದಿನ, ಆ ಬೇಜಾರಿಗೆ ಅಂತಲೇ ಇನ್ನೊಂದಿಷ್ಟು ಕುಡಿದು ಬಂದಿದ್ದ.

ಅಕ್ಕ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ಗಂಡನ ಜೊತೆಯಲ್ಲೇ ನಸುಕಿನಲ್ಲಿ ಮನೆ ಬಿಟ್ಟು, ಅವನು ಊದಿ ಬಸ್ ತರುವ ತನಕ ಗೇಟಿನ ಹೊರಗಿನ ಬೆಂಚಿನ ಮೇಲೆ ಕಾದು, ಆಮೇಲೆ ಮೊದಲ ಬಸ್ಸು ಹತ್ತಿ ಡ್ರೈವರನ ಹಿಂದಿನ ಸೀಟಿನಲ್ಲಿ ಡಬ್ಬಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂರುವುದು ಅವಳ ವಾಡಿಕೆ. ನಿಮ್ಮೆಜಮಾನರ ಬಸ್ಸಲ್ಲಿ ಕೂರೋಕೆ ಭಯ ಆಗಲ್ವಾ ಅಂತ ಜೊತೆಯವರು ಕೇಳಿದರೆ ಅವಳ ಉತ್ತರ ಒಂದೇ.

"ಗೇಟಲ್ಲಿ ನನ್ನ ತಮ್ಮ ಇದಾನೆ. ಕೆಂಪು ಬಂದ್ರೆ ಅವನು ಬಿಡ್ತಾನಾ?"

ಅವನು ಬಿಟ್ಟಿದ್ದ.

ಭಾವನಿಗೆ ಅಷ್ಟರಲ್ಲಿ ಎರಡು ಸಲ ಕೆಂಪು ಬಂದಾಗಿತ್ತು. ಮತ್ತೊಮ್ಮೆ ಬಂದರೆ ಸ್ಟೀರಿಂಗ್ ಹಿಡಿಯುವ ಕೆಲಸವೇ ಹೋಗುತ್ತದೆ ಎಂದು ಮ್ಯಾನೇಜರ್ ಖಂಡಿತವಾಗಿ ಹೇಳಿದ್ದರು. ಒಂದು ಚಳಿಯ ಬೆಳಿಗ್ಗೆ ಊದಣ್ಣ ಪರೀಕ್ಷೆಗೆಂದು ಊದಿದ. ಹಸಿರು ದೀಪ ಇನ್ನೂ ಉರಿಯುತ್ತಿರುವಾಗಲೇ ಭಾವ ಕಿಟಕಿಗೆ ಬಂದ. ಕಣ್ಣು ಕೆಂಡದಂತಿತ್ತು, ಬಾಯಲ್ಲಿ ಪೆಪ್ಪರ್‌ಮಿಂಟ್ ಇತ್ತು.

"ಏನು ಹಾಗೆ ನೋಡ್ತೀಯ? ಕುಡಿದಿದ್ದು ನಿನ್ನೆ ಕಣೋ. ನಿದ್ದೆ ಮಾಡಿ ಎದ್ದ ಮೇಲೂ ಅದು ಇರುತ್ತಾ?"

"ನಿದ್ದೆ ಮಾಡೋದು ನೀವು ಭಾವ, ಅದು ಮಾಡಲ್ಲ."

ಅವನಿಗೆ ಅದು ಚೆನ್ನಾಗಿ ಗೊತ್ತಿತ್ತು. ತಣ್ಣೀರು ಸುರಿದುಕೊಂಡರೂ, ಕಾಫಿ ಕುಡಿದರೂ, ಪೆಪ್ಪರ್‌ಮಿಂಟ್ ತಿಂದರೂ ಲಿವರ್ ಅವಸರ ಮಾಡುವುದಿಲ್ಲ, ತನ್ನ ನಡಿಗೆಯಲ್ಲೇ ನಡೆಯುತ್ತದೆ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಊದಣ್ಣ ಭಾವನನ್ನು ನೋಡಿದ. ಕಿಟಕಿಯಾಚೆ ಬೆಂಚಿನ ಮೇಲೆ ಸೆರಗು ಹೊದ್ದು ಕೂತ ಅಕ್ಕನನ್ನು ನೋಡಿದ. ಕೈಯಲ್ಲಿ ಉರಿಯುತ್ತಿದ್ದ ಹಸಿರನ್ನು ನೋಡಿದ. ಆಮೇಲೆ ಎದ್ದು ಮೊಳೆಯಿಂದ ಕೀ ತೆಗೆದು ಕೊಟ್ಟ.

ಆ ದಿನವೆಲ್ಲ ಅವನು ಗೇಟಿನತ್ತಲೇ ನೋಡುತ್ತ ಕೂತ. ಬಸ್ಸು ಕ್ಷೇಮವಾಗಿ ವಾಪಸು ಬಂತು. ಮರುದಿನವೂ ಬಂತು. ಹೀಗೆ ಅದೊಂದು ರೂಢಿಯಾಯಿತು. ಪರೀಕ್ಷೆಗೆಂದು ಊದಣ್ಣನದೊಂದು, ಆಮೇಲೆ ಭಾವನದೊಂದು ಅಂತ ಎರಡು ಸಲ ಊದಬೇಕಾದ ಮೆಷಿನ್ನಿಗೆ ಬೆಳಗಿನ ಹೊತ್ತು ಒಂದೇ ಸಲ ಊದಲಾಗುತ್ತಿತ್ತು. ಬಾಮೈದನ ಉಸಿರಿನ ಮೇಲೆ ಭಾವ ಬಸ್ಸು ಓಡಿಸುತ್ತಿದ್ದ, ಅವನ ಬೆನ್ನ ಹಿಂದೆ ಅಕ್ಕ ನಿಶ್ಚಿಂತೆಯಿಂದ ಕೂರುತ್ತಿದ್ದಳು. ಭಾವನ ಕೆಲಸ ಉಳಿಸುತ್ತಿದ್ದೇನೆ, ಅಕ್ಕನ ಮನೆ ಉಳಿಸುತ್ತಿದ್ದೇನೆ ಎಂದು ಊದಣ್ಣ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಒಳ್ಳೆಯವರಿಗೆ ಇದೊಂದು ಕಾಯಿಲೆ, ಮಾಡುವ ತಪ್ಪಿಗೂ ಅವರಿಗೊಂದು ಒಳ್ಳೆಯ ಹೆಸರು ಬೇಕು.

ವರ್ಕ್‌ಶಾಪಿನ ಫೋರ್‌ಮನ್ ನಿವೃತ್ತನಾದ ಸಂಜೆ ಎಲ್ಲರೂ ಅವನನ್ನು ಬೀಳ್ಕೊಡಲು ಸೇರಿದರು. ಸ್ಪ್ಯಾನರುಗಳನ್ನು ಪಕ್ಕಕ್ಕೆ ಸರಿಸಿ ಆಯಿಲ್ ಮೆತ್ತಿದ ಬೆಂಚಿನ ಮೇಲೆ ಪೇಪರ್ ಹಾಸಿ ಬಾಟಲಿಗಳನ್ನು ಜೋಡಿಸಿದ್ದರು. ಭಾವ ಬಂದು ಊದಣ್ಣನ ಪಕ್ಕದಲ್ಲೇ ಕೂತ. ಕುಡಿಯದವನನ್ನು ಕಂಡರೆ ಕುಡಿಯುವವರಿಗೆ ಅದೇನು ಸಂಕಟವೋ. ಊಟ ಸಾಕು ಅಂದರೆ ಸುಮ್ಮನಾಗುತ್ತಾರೆ, ಇದು ಸಾಕು ಅಂದರೆ ಸುಮ್ಮನಾಗುವುದಿಲ್ಲ. "ಫೋರ್‌ಮನ್ ಮೇಲೆ ಇಷ್ಟೇನಾ ನಿಮ್ಮ ಪ್ರೀತಿ" ಎನ್ನುತ್ತ ಭಾವನ ಪ್ಲಾಸ್ಟಿಕ್ ಗ್ಲಾಸಿಗೆ ಸುರಿದರು. ಜನ ಅತ್ತ ತಿರುಗಿದೊಡನೆ ಭಾವ ಗ್ಲಾಸನ್ನು ಮೆಲ್ಲಗೆ ಬಾಮೈದನ ಕಡೆ ಸರಿಸಿದ.

"ಇದನ್ನೊಂಚೂರು ಹಿಡ್ಕೊ. ನನ್ನ ಮುಂದಿದ್ರೆ ಕಷ್ಟ."

ಹಿಡಿದುಕೊ ಅಂದದ್ದು, ಕುಡಿ ಅಂದದ್ದಲ್ಲ. ಆದರೆ ಊದಣ್ಣನ ತಲೆ ಬೇರೆಯೇ ಲೆಕ್ಕ ಹಾಕಿತು. ಭಾವ ಆಗಲೇ ಬೇಕಾದಷ್ಟು ಹಾಕಿಕೊಂಡು ಬಂದಿರಬೇಕು. ಈಗ ಇದನ್ನು ಇಟ್ಟುಕೊಂಡಿದ್ದರೆ ಆಮೇಲೆ ಕೇಳಿಯೇ ಕೇಳುತ್ತಾನೆ. ಚೆಲ್ಲಿದರೆ ಎಲ್ಲರೂ ನೋಡುತ್ತಾರೆ. ನಾನೇ ಕುಡಿದುಬಿಟ್ಟರೆ ಭಾವನ ಹೊಟ್ಟೆಗೆ ಒಂದು ಗ್ಲಾಸು ಕಡಿಮೆಯಾಗುತ್ತದಲ್ಲ. ಮೂಗು ಹಿಡಿದು ಗಟಗಟ ಇಳಿಸಿದ. ಗಂಟಲು ಉರಿಯಿತು, ಕಣ್ಣಲ್ಲಿ ನೀರು ಬಂತು. ಭಾವನ ಗ್ಲಾಸನ್ನು ಮತ್ತೆ ತುಂಬಿದರು, ಅದು ಮತ್ತೆ ಸರಿಯಿತು, ಅವನು ಮತ್ತೆ ಕುಡಿದ. ಜೀವಮಾನದಲ್ಲಿ ಮೊದಲ ಸಲ ಅವನು ಕುಡಿದದ್ದು ಹೀಗೆ, ಭಾವನನ್ನು ಕುಡಿತದಿಂದ ಉಳಿಸುವುದಕ್ಕೆ. ಕೊನೆಗೆ ಅವನನ್ನು ತೋಳು ಹಿಡಿದು ನಡೆಸಿಕೊಂಡು ಹೋಗಿ, ಬೂಟು ಬಿಚ್ಚಿ ಮಲಗಿಸಿದ್ದೂ ಭಾವನೇ. "ಏನ್ ಬಾಮೈದ, ಇಡೀ ವರ್ಕ್‌ಶಾಪನ್ನೇ ಕುಡಿದೆಯಲ್ಲೋ" ಎಂದು ಯಾರೋ ನಗುತ್ತ ಹೇಳಿದ್ದು ಮಾತ್ರ ಅವನಿಗೆ ಮಸುಕಾಗಿ ನೆನಪಿತ್ತು.

ಬೆಳಿಗ್ಗೆ ಏಳುವಾಗ ತಲೆ ಸಿಡಿಯುತ್ತಿತ್ತು, ನಾಲಗೆ ಗೋಣಿಚೀಲದ ಹಾಗಾಗಿತ್ತು. ಮುಖಕ್ಕೆ ನೀರು ಎರಚಿಕೊಂಡು ಡಿಪೋಗೆ ಓಡಿದ. ನೋಡಿದರೆ ಗೇಟಿನ ಹತ್ತಿರ ಮ್ಯಾನೇಜರ್ ಸ್ವೆಟರ್ ಹಾಕಿಕೊಂಡು ನಿಂತಿದ್ದಾರೆ. ನಿನ್ನೆಯ ಪಾರ್ಟಿಯ ಸುದ್ದಿ ತಿಳಿದು, ಯಾರ್‍ಯಾರು ಎಷ್ಟೆಷ್ಟು ಏರಿಸಿದ್ದಾರೆಂದು ನೋಡಲು ಬೇಗ ಬಂದಿದ್ದರು. ಊದಣ್ಣನಿಗೆ ಭಾವನದೇ ಚಿಂತೆ. ಹೇಗಾದರೂ ಮ್ಯಾನೇಜರ್ ಆ ಕಡೆ ತಿರುಗಿದಾಗ ಹಸಿರು ಬರಿಸಿ ಕೀ ಕೊಟ್ಟುಬಿಡಬೇಕು. ಭಾವ ಕಿಟಕಿಗೆ ಬಂದು ನಿಂತ. ಮ್ಯಾನೇಜರ್ ಬಸ್ಸುಗಳ ಸಾಲಿನತ್ತ ತಿರುಗಿದರು. ಊದಣ್ಣ ಕೊಳವೆ ಸಿಕ್ಕಿಸಿ, ಬೆನ್ನು ಮಾಡಿ, ದಿನದ ಅಭ್ಯಾಸದಂತೆ ಉಸಿರು ತುಂಬಿ ಊದಿದ.

ಮೆಷಿನ್ ಕೀಂ ಅಂತ ಕೂಗಿಕೊಂಡಿತು.

ಇಷ್ಟು ದಿನ ಭಾವನಿಗೆ ಹೇಳುತ್ತಿದ್ದ ಪಾಠ ತನಗೂ ಅನ್ವಯಿಸುತ್ತದೆ ಅನ್ನುವುದು ಅವನಿಗೆ ಹೊಳೆದಿರಲೇ ಇಲ್ಲ. ಜನ್ಮದಲ್ಲಿ ಕುಡಿಯದವನಿಗೆ ತಾನು ಕುಡಿದಿದ್ದೇನೆ ಅನ್ನುವುದು ನೆನಪಿರುವುದಾದರೂ ಹೇಗೆ.

"ಯಾರದಪ್ಪ ಅದು?" ಎನ್ನುತ್ತ ಮ್ಯಾನೇಜರ್ ದಾಪುಗಾಲು ಹಾಕಿ ಬಂದರು.

ಊದಣ್ಣನ ತಲೆ ಓಡತೊಡಗಿತು. ನನ್ನದು ಅಂದರೆ, ಸರಿ, ಈಗ ಡ್ರೈವರ್ ಊದಲಿ ಅನ್ನುತ್ತಾರೆ. ಆಗ ಭಾವನದೂ ಕೆಂಪು ಬರುತ್ತದೆ. ಭಾವನ ಕೆಲಸವೂ ಹೋಯಿತು, ತನ್ನದೂ ಹೋಯಿತು. ಅವನ ಲೆಕ್ಕ ಮುಗಿಯುವ ಮುಂಚೆಯೇ ಭಾವ ತಣ್ಣಗೆ ಬಾಯಿ ಬಿಟ್ಟ.

"ನಂದೇ ಸಾರ್."

"ಗೊತ್ತಿತ್ತು ನನಗೆ. ಮೂರನೇ ಸಲ ಇದು. ಆಫೀಸಿಗೆ ಬನ್ನಿ."

ಶಬ್ದ ಕೇಳಿ ಅಕ್ಕ ಬೆಂಚಿನಿಂದ ಎದ್ದು ಬಂದಿದ್ದಳು. ಮಿಣಮಿಣ ಅನ್ನುತ್ತಿದ್ದ ಕೆಂಪು ದೀಪವನ್ನು ನೋಡಿದಳು. ಗಂಡನ ಮುಖ ನೋಡಲಿಲ್ಲ, ನೇರವಾಗಿ ಕಿಟಕಿಗೆ ಬಂದು ತಮ್ಮನನ್ನು ಕೇಳಿದಳು.

"ಇವರದೇನಾ ಇದು? ನಿಜ ಹೇಳು ಮರಿ. ಈಗ ಸ್ವಲ್ಪ ದಿನದಿಂದ ಲೋಟ ಕೈಯಲ್ಲಿ ಹಿಡಿದು ಕಾಫಿ ಕುಡೀತಿದಾರೆ ಕಣೋ. ದಿನಾ ನೋಡ್ತಿದೀನಿ, ಆದ್ರೂ ಕೇಳಿಲ್ಲ. ಕೇಳಿದ್ರೆ ಎಲ್ಲಿ ನಿಂತುಹೋಗುತ್ತೋ ಅಂತ ಭಯ. ನಿನ್ನೇನೂ ಕುಡಿದಂಗೆ ಕಾಣ್ಲಿಲ್ಲ ನಂಗೆ. ಆದ್ರೆ ನೀನು ಹೌದು ಅಂದ್ರೆ ಹೌದು. ನಿನ್ನ ಮಾತು ನಂಬ್ತೀನಿ."

ಊದಣ್ಣ ಕಿಟಕಿಯ ಕಟ್ಟೆಯ ಮೇಲಿದ್ದ ಭಾವನ ಕೈಗಳನ್ನು ನೋಡಿದ. ಬೆಳಗಿನ ಹೊತ್ತಿನಲ್ಲಿ ನಡುಗಲೇಬೇಕಾದ ಕೈಗಳು ಸುಮ್ಮನೆ ಕೂತಿದ್ದವು. ನಿನ್ನೆಯ ಗ್ಲಾಸುಗಳು ಒಂದೊಂದಾಗಿ ನೆನಪಾದವು. ಒಂದೂ ಭಾವನ ಬಾಯಿಗೆ ಹೋಗಿರಲಿಲ್ಲ. ನನ್ನ ಮುಂದಿದ್ರೆ ಕಷ್ಟ ಅಂದದ್ದು ಅದಕ್ಕೆ. ಭಾವ ಅವನನ್ನೇ ನೋಡುತ್ತಿದ್ದ, ಬೇಡ ಅನ್ನುವಂತೆ ತಲೆಯನ್ನು ಅಷ್ಟೇ ಅಷ್ಟು ಅಲ್ಲಾಡಿಸಿದ. ಇಷ್ಟು ದಿನ ನೀನು ನನ್ನ ಬದಲು ಊದಿದೆ, ಇವತ್ತು ನಿನ್ನ ಬದಲು ನಾನು, ಅಷ್ಟೇ ತಾನೇ ಅನ್ನುವಂತಿತ್ತು ಆ ನೋಟ. ಊದಣ್ಣನಿಗೆ ಈ ಮನುಷ್ಯ ಗೆದ್ದದ್ದನ್ನು ನಾನು ಸೋಲು ಮಾಡಿ ಕೂತಿದ್ದೇನೆ ಅನ್ನಿಸಿತು.

"ಸಾರ್, ಊದಿದ್ದು ನಾನು," ಎಂದ. "ಭಾವ ಇನ್ನೂ ಊದೇ ಇಲ್ಲ."

ಮ್ಯಾನೇಜರ್ ಇಬ್ಬರ ಮುಖವನ್ನೂ ನೋಡಿ, ತಾವೇ ಹೊಸ ಕೊಳವೆ ಸಿಕ್ಕಿಸಿ ಮೆಷಿನ್ ಚಾಚಿದರು. ಭಾವ ಊದಿದ. ಕೊನೆಯ ಉಸಿರಿನ ತನಕ ಊದಿದ. ಹಸಿರು ಹತ್ತಿತು.

"ಒಂದು ತಿಂಗಳ ಮೇಲಾಯ್ತು ಸಾರ್," ಎಂದ ಭಾವ, ಹೆಂಡತಿಯ ಕಡೆ ನೋಡದೆ. "ಕೊನೇ ಸ್ಟಾಪಿನ ಹತ್ರ ಒಬ್ರು ಡಾಕ್ಟರ್ ಇದಾರೆ. ಏಕ್‌ದಂ ಬಿಟ್ರೆ ಫಿಟ್ಸ್ ಬರಬಹುದು, ಮಾತ್ರೆ ತಗೊಂಡೇ ಬಿಡಬೇಕು ಅಂದ್ರು, ಹಂಗೇ ಮಾಡ್ತಿದೀನಿ. ಮನೇಲಿ ಹೇಳಿಲ್ಲ. ಬಿಟ್ಟೆ ಬಿಟ್ಟೆ ಅಂತ ಎಷ್ಟೋ ಸಲ ಹೇಳಿ ನಗೆಪಾಟಲಾಗಿದೀನಿ. ಈ ಸಲ ಬಾಯಿ ಮುಚ್ಕೊಂಡು ಬಿಟ್ಟು ನೋಡೋಣ ಅಂತ."

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆದರೆ ಮ್ಯಾನೇಜರ್ ಕಣ್ಣು ಊದಣ್ಣನ ಮೇಲೇ ಇತ್ತು.

"ಇವರ ಬದಲು ನೀನು ಊದೋದು ಇವತ್ತೇ ಮೊದಲಾ?"

ಅಲ್ಲ ಎಂದು ಊದಣ್ಣ ತಲೆಯಾಡಿಸಿದ. ಚಳಿ ಶುರುವಾದಾಗಿಂದ, ಅಂದ. ಭಾವ ಬಿಡುವುದಕ್ಕೆ ಮುಂಚಿನ ದಿನಗಳೂ ಅದರಲ್ಲಿ ಸೇರಿದ್ದವು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಾಯಿತು, ಅಕ್ಕನಿಗೆ ಎಲ್ಲರಿಗಿಂತ ಮೊದಲು ಗೊತ್ತಾಯಿತು. ಅವಳು ಸೆರಗು ಕೆಳಗಿಳಿಸಿದಳು. ದನಿ ಏರಿಸಲಿಲ್ಲ.

"ಹಿಂದಿನ ಸೀಟಲ್ಲಿ ನಾನು ಕೂತಿರ್ತಿದ್ನಲ್ಲೋ," ಎಂದಳು.

ಅಷ್ಟು ಹೇಳಿ ಚೀಲ ಹೆಗಲಿಗೇರಿಸಿಕೊಂಡು, ಗೇಟು ದಾಟಿ, ಆಸ್ಪತ್ರೆಯ ಕಡೆ ನಡೆದುಕೊಂಡೇ ಹೋದಳು.

ವಿಚಾರಣೆಯಾಯಿತು. ಡಾಕ್ಟರ ಸರ್ಟಿಫಿಕೇಟು ಬರುವ ತನಕ ಭಾವ ಸ್ಟೀರಿಂಗ್ ಮುಟ್ಟುವ ಹಾಗಿರಲಿಲ್ಲ, ಟೈರು ಉರುಳಿಸುವ ಕೆಲಸಕ್ಕೆ ಹಾಕಿದರು. ಊದಣ್ಣನನ್ನು ಗೇಟಿನಿಂದ ತೆಗೆದು ಬಸ್ಸು ತೊಳೆಯುವ ಶೆಡ್ಡಿಗೆ ಕಳಿಸಿದರು. ಅವನ ಕುರ್ಚಿಗೆ ಒಬ್ಬ ಖಡಕ್ ಹೆಣ್ಣುಮಗಳು ಬಂದಳು. ಅಪ್ಪನೇ ಬಂದು ನಿಂತರೂ ಎರಡು ಸಲ ಊದಿಸುವವಳು ಅಂತ ಡ್ರೈವರುಗಳು ಮಾತಾಡಿಕೊಂಡರು. ಊದಣ್ಣ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿ, ಪೈಪು ಹಿಡಿದು, ನಿಂತ ಬಸ್ಸುಗಳಿಗೆ ನೀರು ಹೊಡೆಯುವುದನ್ನು ಕಲಿತ. ಗೇಟಿನ ಕೆಲಸ ಹೋದದ್ದಕ್ಕೆ ಅವನಿಗೆ ಬೇಸರವಿರಲಿಲ್ಲ. ಅಕ್ಕ ಮಾತು ಬಿಟ್ಟಿದ್ದಳು, ಅದೊಂದೇ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಡಬ್ಬಿ ಮಾತ್ರ ತಪ್ಪದೆ ಬರುತ್ತಿತ್ತು, ಭಾವನ ಕೈಯಲ್ಲಿ. ರಾತ್ರಿ ಊಟಕ್ಕೆ ಕರೆ ಬರುತ್ತಿರಲಿಲ್ಲ. "ಏನಂತಾಳೆ ಭಾವ?" ಅಂತ ಕೇಳಿದರೆ, "ನನ್ನ ಹತ್ರಾನೂ ಅಷ್ಟಕ್ಕಷ್ಟೇ ಮಾತು ಕಣೋ. ನಾವಿಬ್ರೂ ಒಂದೇ ದೋಣೀಲಿ ಇದೀವಿ, ಸುಮ್ನೆ ಹುಟ್ಟು ಹಾಕು" ಅನ್ನುತ್ತಿದ್ದ ಭಾವ. ಸರ್ಟಿಫಿಕೇಟು ಬಂದು ಭಾವ ಮತ್ತೆ ಮೊದಲ ಬಸ್ಸು ಹತ್ತಿದ ಮೇಲೂ ಅಕ್ಕ ಅದೇ ಬಸ್ಸಿಗೆ ಬರುತ್ತಿದ್ದಳು, ಬೇರೆ ಬಸ್ಸಿರಲಿಲ್ಲ. ಆದರೆ ಡ್ರೈವರ್ ಹಿಂದಿನ ಸೀಟು ಖಾಲಿ ಬಿಟ್ಟು, ಉದ್ದಕ್ಕೂ ನಡೆದು ಹೋಗಿ, ಕಟ್ಟಕಡೆಯ ಸಾಲಿನಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದಳು. ಹಿಂದಿನ ಬಾಗಿಲಿಗೆ ಹತ್ತಿರವಾಗಿ. ಶೆಡ್ಡಿನಿಂದ ಊದಣ್ಣನಿಗೆ ಅದು ಕಾಣುತ್ತಿತ್ತು, ಕನ್ನಡಿಯಲ್ಲಿ ಭಾವನಿಗೂ ಕಾಣುತ್ತಿತ್ತು.

ಹೀಗೆ ಬಹಳ ದಿನ ನಡೆಯಿತು. ಒಂದು ಬೆಳಿಗ್ಗೆ ಊದಣ್ಣ ಪೈಪು ಸುತ್ತುತ್ತಿರುವಾಗ, ಗೇಟಿನ ಕಿಟಕಿಯಲ್ಲಿ ಭಾವ ನಿಂತದ್ದು ಕಂಡಿತು. ಆ ಹೆಣ್ಣುಮಗಳು ಮೆಷಿನ್ ಚಾಚಿದ್ದಳು. ಭಾವ ಅದಕ್ಕೆ ಬಾಯಿ ಇಡಲಿಲ್ಲ.

"ಬೇಡ ತಾಯಿ," ಎಂದ. ಅವನ ದನಿ ಶೆಡ್ಡಿನ ತನಕ ಕೇಳಿಸಿತು. "ನಿನ್ನೆ ಕುಡಿದಿದೀನಿ. ಈ ಬಸ್ಸು ಬೇರೆಯವರಿಗೆ ಕೊಡು."

ಯಾಕೆ ಕುಡಿದ ಅಂದರೆ ಹೇಳುವುದಕ್ಕೆ ಅವನಲ್ಲಿ ಕಾರಣವಿರಲಿಲ್ಲ. ಕಾರಣ ಬೇಕಿಲ್ಲದ ರೋಗ ಅದು. ಒಳ್ಳೆಯ ದಿನ ನೋಡಿಯೂ ಬಂದು ಕದ ತಟ್ಟುತ್ತದೆ. ಭಾವ ತಲೆ ತಗ್ಗಿಸಿಕೊಂಡು ಹೊರಗೆ ಬಂದು ಬೆಂಚಿನ ಮೇಲೆ ಹೆಂಡತಿಯಿಂದ ದೂರ ಕೂತ. ಅವನ ಕೈ ಮತ್ತೆ ನಡುಗುತ್ತಿತ್ತು. ಬೇರೆ ಡ್ರೈವರ್ ಬಸ್ಸು ತಂದ. ಅಕ್ಕ ಹತ್ತಲಿಲ್ಲ. ಬಸ್ಸು ಹೋದ ಮೇಲೆ ಸರಿದು ಗಂಡನ ಪಕ್ಕಕ್ಕೆ ಬಂದಳು, ಮಧ್ಯಾಹ್ನದ ಡಬ್ಬಿಯನ್ನು ಆಗಲೇ ಬಿಚ್ಚಿದಳು. ಅಷ್ಟು ಬೆಳಿಗ್ಗೆ ಇಬ್ಬರೂ ಅದರಲ್ಲೇ ಕೈಯಿಟ್ಟು ಉಂಡರು. ಅವಳು ಬೈಯುತ್ತಿದ್ದಳೋ, ಸಮಾಧಾನ ಹೇಳುತ್ತಿದ್ದಳೋ, ಶೆಡ್ಡಿಗೆ ಕೇಳಿಸಲಿಲ್ಲ. ಉಂಡಾದ ಮೇಲೆ ಕೈ ತೊಳೆದುಕೊಂಡು, ಇಬ್ಬರೂ ಡಾಕ್ಟರ ಹತ್ತಿರ ಹೋದರು.

ಭಾವ ಮತ್ತೆ ಕಿಟಕಿಗೆ ಬಂದದ್ದು ಕೆಲವು ದಿನ ಬಿಟ್ಟು. ಊದಿದ, ಹಸಿರು ಬಂತು, ಕೀ ತೆಗೆದುಕೊಂಡ. ತೊಳೆದು ಫಳಫಳ ಹೊಳೆಯುತ್ತಿದ್ದ ಬಸ್ಸು ಗೇಟಿಗೆ ಬಂದು ನಿಂತಿತು. ಊದಣ್ಣ ಶೆಡ್ಡಿನ ಬಾಗಿಲಲ್ಲಿ ಬ್ರಷ್ಷು ಹಿಡಿದುಕೊಂಡು, ಅಕ್ಕ ಹಿಂದಿನ ಸಾಲಿಗೆ ನಡೆಯುವುದನ್ನು ಕಾಯುತ್ತಿದ್ದ. ಅವಳು ನಡೆಯಲಿಲ್ಲ. ಹತ್ತಿದವಳು ಅಲ್ಲೇ, ಡ್ರೈವರ್ ಹಿಂದಿನ ಸೀಟಿನಲ್ಲೇ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಕಿಟಕಿಯ ಗಾಜು ಸರಿಸಿದಳು.

"ಲೋ ಮ‍ರಿ."

ಎಷ್ಟು ದಿನವಾಗಿತ್ತು ಆ ದನಿ ಕೇಳಿ. ಅವನು ಬ್ರಷ್ಷು ಅಲ್ಲೇ ಬಿಟ್ಟು ಕಿಟಕಿಯ ಕೆಳಗೆ ಓಡಿಬಂದ.

"ಕಿವಿ ಹಿಂದೆ ಸೋಪಿನ ನೊರೆ ಇದೆ, ಒರೆಸ್ಕೊ. ಸಾಯಂಕಾಲ ಊಟಕ್ಕೆ ಬಾ."

ಭಾವ ಕನ್ನಡಿಯಲ್ಲಿ ಇಬ್ಬರನ್ನೂ ನೋಡಿ ಗೇರ್ ಹಾಕಿದ. ಊದಣ್ಣ ನೊರೆ ಒರೆಸಿಕೊಳ್ಳಲಿಲ್ಲ. ಬಸ್ಸು ಗೇಟು ದಾಟಿ, ತಿರುವಿನಲ್ಲಿ ಮರೆಯಾಗುವ ತನಕ ಹಾಗೇ ನಿಂತಿದ್ದ.